ಅಕ್ಷರದ ಮೇಲೆ ಕಾಲು

ಅದು ಶುರುವಾದದ್ದು ಮಾರ್ಚ್ ತಿಂಗಳ ಮೊದಲಲ್ಲಿ, ಹಿಮ ಅರ್ಧ ಕರಗಿ ಇನ್ನರ್ಧ ರಸ್ತೆಯಂಚಿನಲ್ಲಿ ಕಪ್ಪಗೆ ಕೂತಿದ್ದ ಕಾಲದಲ್ಲಿ, ಮಧ್ಯಾಹ್ನ ಶಾಲೆಯ ಬಸ್ಸು ಬರುವುದಕ್ಕೆ ಸ್ವಲ್ಪ ಮುಂಚೆ. ಡೆಟ್ರಾಯಿಟ್ ಹತ್ತಿರದ ಮಗಳ ಮನೆಯಲ್ಲಿ ಲಲಿತಮ್ಮ ಒಬ್ಬರೇ ಇದ್ದರು. ಅಳಿಯ ಹೃಷೀಕೇಶ ವಾರೆನ್ನಿನ ಕೆಲಸಕ್ಕೆ, ಮಗಳು ವಿಭಾ ಸೌತ್‌ಫೀಲ್ಡಿನ ಆಫೀಸಿಗೆ, ಏಳು ವರ್ಷದ ಮೊಮ್ಮಗಳು ಮಾನ್ಯಾ ಶಾಲೆಗೆ ಹೋಗಿದ್ದರು. ವಿಭಾ ತನ್ನ ಕೆಲಸಕ್ಕಾಗಿ ಮಾಡಿದ ಆಟವಿದ್ದ ಆಫೀಸಿನ ಟ್ಯಾಬ್ಲೆಟ್ಟು ಸೋಫಾದ ಪಕ್ಕ ಚಾರ್ಜಿಗೆ ಕೂತಿತ್ತು. ಅದನ್ನು ನೆಲದ ಕಡೆ ಹಿಡಿದರೆ ಅದರೊಳಗೆ ಅದೇ ಕಾರ್ಪೆಟ್ಟು, ಅದೇ ಸೋಫಾದ ಕಾಲು ಕಾಣುತ್ತಿತ್ತು. ಆದರೆ ಕಾರ್ಪೆಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹಾಗೆ ಕುಂಟೆಬಿಲ್ಲೆಯ ಮನೆಗಳು, ಮನೆಗೊಂದರಂತೆ ಕನ್ನಡದ ಅಕ್ಷರ. ಟ್ಯಾಬ್ಲೆಟ್ಟಿನಿಂದ ಕಣ್ಣು ತೆಗೆದು ನೋಡಿದರೆ ಬರೀ ಕಾರ್ಪೆಟ್ಟು. ಅದರ ಕ್ಯಾಮೆರಾ ಕಾಲನ್ನು ನೋಡುತ್ತಿರುತ್ತದಂತೆ. ಕಾಲು ಅಕ್ಷರದ ಮೇಲೆ ಬಿದ್ದರೆ ಅಕ್ಷರ ತನ್ನ ಹೆಸರು ತಾನೇ ಹೇಳಿಕೊಂಡು, ಒಳಗಿಂದ ಒಂದು ಪ್ರಾಣಿಯನ್ನೋ ಗಿಡವನ್ನೋ ಹೊರಗೆ ಬಿಡುತ್ತಿತ್ತು. ಅ ತುಳಿದರೆ ಅಳಿಲು. ಆ ತುಳಿದರೆ ಆನೆಮರಿ.

ಹಿಂದಿನ ರಾತ್ರಿ ಊಟವಾದ ಮೇಲೆ ವಿಭಾ ತೋರಿಸಿ, ಹೇಗಿದೆ ಅಮ್ಮ ಎಂದು ಕೇಳಿದ್ದಳು. ಚೆನ್ನಾಗಿದೆ ಎಂದಿದ್ದರು. ಕುಂಟೆಬಿಲ್ಲೆಯನ್ನು ಅವಳಿಗೆ ಕೊಟ್ಟವರೇ ಅವರು. ನೀನು ಚಿಕ್ಕವಳಿದ್ದಾಗ ಏನೇನು ಆಡ್ತಿದ್ದೆ ಹೇಳು, ನನ್ನ ಕೆಲಸಕ್ಕೆ ಬೇಕು ಎಂದು ವಿಭಾ ಚಳಿಗಾಲದಲ್ಲಿ ಕೇಳಿದಾಗ, ಅಡಿಗೆಮನೆಯ ನೆಲದ ಮೇಲೆ ಅಕ್ಕಿಹಿಟ್ಟಿನಲ್ಲಿ ಮನೆಗಳನ್ನು ಎಳೆದು, ಮಂಡಿ ನೋವಿನಲ್ಲೂ ಎರಡು ಮನೆ ಕುಂಟಿ ತೋರಿಸಿದ್ದರು. ಆ ಮನೆಗಳು ಆಗ ಖಾಲಿ ಇದ್ದವು. ಖಾಲಿ ಮನೆಯಲ್ಲಿ ಯಾರಾದರೂ ಬಂದು ಕೂರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಅಕ್ಷರಗಳನ್ನು ನೋಡಿದ ಕೂಡಲೇ ಒಂದು ಮಾತು ಗಂಟಲಿನವರೆಗೆ ಬಂದಿತ್ತು. ವಿಭಾಳ ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪಿತ್ತು, ತುಟಿಯ ತುದಿಯಲ್ಲಿ ಬಹಳ ದಿನದ ಮೇಲೆ ಬಂದ ನಗುವಿತ್ತು. ಮಾತು ಹಿಂದಕ್ಕೆ ಹೋಯಿತು. ಅಕ್ಷರದ ವಿಷಯದಲ್ಲಿ ತನ್ನನ್ನು ಕೇಳುವವರು ಯಾರು ಎಂದೂ ಅನ್ನಿಸಿತ್ತು. ಎರಡನೇ ಕ್ಲಾಸಿಗೆ ಬಿಟ್ಟವಳು ನಾನು.

ಈಗ ಮನೆಯಲ್ಲಿ ಯಾರೂ ಇರಲಿಲ್ಲ. ಟ್ಯಾಬ್ಲೆಟ್ಟು ಎತ್ತಿಕೊಂಡರು. ಬಲಗಾಲಿನ ಹೆಬ್ಬೆರಳನ್ನು ಮುಂದೆ ಚಾಚಿ, ಬಿಸಿನೀರು ನೋಡುವ ಹಾಗೆ ಅ ಮೇಲೆ ಇಟ್ಟರು. ಅಳಿಲು ಎದ್ದು ಕೂತು ಬಾಲ ಕುಣಿಸಿತು. ಇನ್ನೊಂದು ಕಾಲು ತಾನಾಗಿ ಹೋಯಿತು. ಆ. ಇ. ಇಲಿ ಅವರ ಸೀರೆಯ ನೆರಿಗೆಯ ಸಂದಿಯಲ್ಲಿ ಓಡಿತು. ಅಷ್ಟು ದೊಡ್ಡ ಅಕ್ಷರಗಳನ್ನು ಅವರು ಬಸ್ಸಿನ ಹಣೆಯ ಮೇಲೂ ನೋಡಿರಲಿಲ್ಲ. ಒಂದೊಂದು ಅಕ್ಷರವೂ ಚಾಪೆಯಷ್ಟು ಅಗಲ, ಅದರ ತಿರುವಿನೊಳಗೆ ಪೂರ್ತಿ ಪಾದ ಇಡಬಹುದು. ಋ ಅಕ್ಷರದ ಕೊಂಬನ್ನು ಸುತ್ತಿ ನಿಂತರು. ಅಃ ತನಕ ಹೋಗಿ ತಿರುಗಿ ಅ ತನಕ ಬಂದರು. ಮಂಡಿ ನೋಯಲಿಲ್ಲವೆಂದಲ್ಲ, ನೋವಿನ ಕಡೆ ಗಮನವಿರಲಿಲ್ಲ. ಆಮೇಲೆ ಒಮ್ಮೆಲೇ ನಿಂತುಬಿಟ್ಟರು. ತುಳಿದದ್ದು ಏನನ್ನು? ಗಡಿಬಿಡಿಯಲ್ಲಿ ಬಗ್ಗಿ ನೆಲ ಮುಟ್ಟಿದರೆ, ಕೈಯಲ್ಲಿದ್ದ ಟ್ಯಾಬ್ಲೆಟ್ಟು ಕಾರ್ಪೆಟ್ಟಿಗೆ ತೀರ ಹತ್ತಿರ ಬಂದು, ಅಕ್ಷರಗಳೆಲ್ಲ ಅಳಿಸಿಹೋಗಿ, ಆಟ ಮತ್ತೆ ಅ ಇಂದ ಶುರುವಾಯಿತು. ಟ್ಯಾಬ್ಲೆಟ್ಟನ್ನು ಸೋಫಾದ ಮೇಲಿಟ್ಟು, ಏನೂ ಇಲ್ಲದ ಕಾರ್ಪೆಟ್ಟನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಕಣ್ಣು ಬಿಟ್ಟಾಗ ಬಾಗಿಲಲ್ಲಿ ಮಾನ್ಯಾ ನಿಂತಿದ್ದಳು, ಬೆನ್ನ ಮೇಲೆ ಬ್ಯಾಗು, ಬೂಟಿನಿಂದ ಹಿಮದ ನೀರು ಇಳಿಯುತ್ತಿತ್ತು.

ಅವಳು ನಕ್ಕಳು. ಆಮೇಲೆ ಯಾಕೆ ಎಂದು ಕೇಳಿದಳು. ಕಾಲು ತಾಗಿದರೆ ಹಾಗೆ ಮಾಡಬೇಕು, ಅಕ್ಷರ ದೇವರು ಎಂದರು ಲಲಿತಮ್ಮ. ಅವರ ದನಿ ತಾನೇ ಬಯ್ಯುವವರ ದನಿಯಾಗಿಬಿಟ್ಟಿತ್ತು. ಸಿಕ್ಕಿಬಿದ್ದವರು ಯಾರು, ಹಿಡಿದವರು ಯಾರು ಎಂಬುದು ಅದರಲ್ಲಿ ಮುಚ್ಚಿಹೋಯಿತು. ಮಾನ್ಯಾ ಬಾಗಿಲಿನ ಚಾಪೆಯನ್ನು ತೋರಿಸಿದಳು. ಅದರ ಮೇಲೆ ಸ್ವಾಗತವೆಂದು ಇಂಗ್ಲಿಷಿನಲ್ಲಿ ಬರೆದಿತ್ತು, ಐದು ತಿಂಗಳಿಂದ ಎಲ್ಲರೂ ಅದಕ್ಕೇ ಕಾಲೊರೆಸುತ್ತಿದ್ದರು. ಅದು ಇಂಗ್ಲಿಷು ಎಂದರು ಲಲಿತಮ್ಮ.

"ಸೋ, ಇಂಗ್ಲಿಷ್ ಈಸ್ ನಾಟ್ ಗಾಡ್?"

ಲಲಿತಮ್ಮ ಅವಳ ಬೆನ್ನಿನ ಬ್ಯಾಗು ಇಳಿಸಿದರು. ಕೈಕಾಲು ತೊಳೆದು ಬಾ, ದೋಸೆ ಹಾಕ್ತೀನಿ ಎಂದರು.

ಅಂದಿನಿಂದ ದಿನಾ ಬಸ್ಸು ಇಳಿದ ಮೇಲೆ ಇಬ್ಬರೂ ಆಡುತ್ತಿದ್ದರು. ಲಲಿತಮ್ಮ ಟ್ಯಾಬ್ಲೆಟ್ಟು ಹಿಡಿದು ಪಕ್ಕದಲ್ಲಿ ನಡೆಯುವುದು, ಮಾನ್ಯಾ ಹೆಜ್ಜೆ ಹೆಜ್ಜೆಗೂ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು. ಟ್ಯಾಬ್ಲೆಟ್ಟು ಅಲುಗದಿದ್ದರೆ ಅಕ್ಷರಗಳು ಹೋಗುತ್ತಿರಲಿಲ್ಲ. ಹುಡುಗಿ ಇದನ್ನು ಆಟದ ಅರ್ಧವೆಂದೇ ತಿಳಿದುಕೊಂಡಳು, ಬೇರೆ ಯಾರಿಗೂ ಹೇಳದ ಅರ್ಧ. ಶನಿವಾರ ಬೆಳಿಗ್ಗೆ ವಿಭಾ ತಾನೇ ಟ್ಯಾಬ್ಲೆಟ್ಟು ಹಿಡಿದು, ಬೇಗ ಬೇಗ ನಡಿ ಕಂದ, ಇಲಿ ಸರಿಯಾಗಿ ಬರತ್ತಾ ನೋಡ್ಬೇಕು ಎಂದು ನಡೆಸಿದಾಗ ಮಾನ್ಯಾ ಬಗ್ಗಲಿಲ್ಲ. ಅಡಿಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದ ಲಲಿತಮ್ಮನ ಕಡೆಗೆ ಒಂದು ಸಲ ನೋಡಿ ಕಣ್ಣು ಮಿಟುಕಿಸಿದಳು. ಲಲಿತಮ್ಮ ಹುರುಳಿಕಾಯಿಯ ನಾರನ್ನು ಬುಡದವರೆಗೆ ಎಳೆದರು. ಮಗುವಿಗೆ ಭಕ್ತಿ ಕಲಿಸಿದೆನೋ ಕಳ್ಳತನ ಕಲಿಸಿದೆನೋ. ಲಲಿತಮ್ಮ ಚಿಕ್ಕ ಹುಡುಗಿಯಾಗಿದ್ದಾಗ, ತಮ್ಮ ಸೋಮು ಹುಟ್ಟಿದ ಮೇಲೆ ತೊಟ್ಟಿಲು ತೂಗುವುದಕ್ಕೆಂದು ಮನೆಯವರು ಅವಳನ್ನು ಶಾಲೆ ಬಿಡಿಸಿದರು. ಅದೇ ಸೋಮು ಬೆಳೆದು ಪುಸ್ತಕ ಹಿಡಿದು ಶಾಲೆಗೆ ಹೊರಟಾಗ, ಅವನ ಪುಸ್ತಕ ಮುಟ್ಟಬೇಡ, ನಿನ್ನ ಕೈಯೆಲ್ಲ ಮಸಿ ಎಂದರು. ಗುಡಿಸುವಾಗ ಕಾಲು ತಾಗಿದರೆ ಮಾತ್ರ ಎತ್ತಬಹುದು. ಎತ್ತಿ ಕಣ್ಣಿಗೆ ಒತ್ತಿಕೊಳ್ಳಲೇಬೇಕು. ಹಾಗಾಗಿ ದಿನಾ ಕಾಲು ತಾಗುತ್ತಿತ್ತು. ಪೊರಕೆಯನ್ನು ಪುಸ್ತಕದ ಕಡೆಗೇ ತಿರುಗಿಸಿ, ಕಿರುಬೆರಳು ಚಾಚಿ. ಎತ್ತಿದ್ದಕ್ಕೂ ಕಣ್ಣಿಗೆ ಒತ್ತಿದ್ದಕ್ಕೂ ನಡುವೆ ಪುಟ ಒಂದು ಗಳಿಗೆ ತೆರೆದಿರುತ್ತಿತ್ತು. ಅಷ್ಟರಲ್ಲಿ ಒಂದು ಪದ. ಮಾರನೆ ದಿನ ಮುಂದಿನ ಪದ. ಈ ಹುಡುಗಿಗೆ ಎಷ್ಟು ಭಕ್ತಿ ನೋಡು ಎಂದು ಅಜ್ಜ ಹೇಳುತ್ತಿದ್ದರು. ಅವಳು ಓದಲು ಕಲಿತದ್ದು ಕಾಲಿನಿಂದ. ಅದನ್ನು ಯಾರಿಗೂ ಹೇಳಲಿಲ್ಲ, ಕಟ್ಟಿಕೊಂಡ ಗಂಡನಿಗೂ.

ಯುಗಾದಿಗೆ ಶಿಕಾಗೋ ಹತ್ತಿರದ ಅರೋರಾಕ್ಕೆ ಹೋಗುವುದೆಂದು ಆಯಿತು. ಅಲ್ಲಿ ಭಾನುವಾರ ಭಾನುವಾರ ಕನ್ನಡ ಶಾಲೆ ನಡೆಸುವ ಶ್ರೀಲತಾ, ಹಬ್ಬದ ದಿನ ಮಕ್ಕಳೆಲ್ಲ ದೇವಸ್ಥಾನದ ಹಾಲಿಗೆ ಬರ್ತಾರ, ಅವತ್ತೇ ಆಡಿಸ್ರಿ ಎಂದು ಫೋನಿನಲ್ಲಿ ಹೇಳಿದ್ದಳು. ವಿಭಾಳ ಮ್ಯಾನೇಜರ್ ಜೂಲಿ ಕೂಡ ನೋಡುವುದಕ್ಕೆ ಬರುವವಳಿದ್ದಳು. ಅವಳ ಅಕ್ಕನ ಮನೆ ಶಿಕಾಗೋದಲ್ಲಿತ್ತು. ಮಕ್ಕಳು ಆಟವನ್ನು ಕೊನೆಯವರೆಗೆ ಆಡಿದರೆ ಬೇರೆ ಭಾಷೆಗಳ ಆಟ ಮಾಡುವ ಗುಂಪು ಉಳಿಯುತ್ತದೆ, ವಿಭಾಳ ಕೆಲಸವೂ ಉಳಿಯುತ್ತದೆ. ಇಲ್ಲದಿದ್ದರೆ ಎರಡೂ ಇಲ್ಲ. ವಿಭಾ ಇದನ್ನು ಹೃಷೀಕೇಶನಿಗೆ ಹೇಳುತ್ತಿದ್ದಾಗ ಲಲಿತಮ್ಮ ಬಟ್ಟೆ ಮಡಚುತ್ತ ಕೇಳಿಸಿಕೊಂಡರು. ಕೆಲಸ ಹೋದರೆ ಅವಳು ಗಂಡನ ವೀಸಾದ ಬಾಲವಾಗಿ ಮತ್ತೆ ಮನೆಯಲ್ಲಿ ಕೂರಬೇಕು. ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ಹಾಗೆ ಕೂತಿದ್ದಳು. ಆಗ ಫೋನು ಮಾಡಿದರೆ, ಏನು ಮಾಡ್ತಿದೀಯ ಎಂದು ಕೇಳುವುದಕ್ಕೆ ಲಲಿತಮ್ಮನಿಗೆ ಭಯವಾಗುತ್ತಿತ್ತು. ಕಿಟಕಿ ನೋಡ್ತಿದೀನಿ ಎಂದು ಒಂದು ಸಲ ಹೇಳಿದ್ದಳು.

ಶನಿವಾರ ಬೆಳಿಗ್ಗೆ ಕತ್ತಲಲ್ಲೇ ಹೊರಟರು. ಎರಡೂ ಕಡೆ ಎಲೆಯಿಲ್ಲದ ಮರ, ಚಪ್ಪಟೆ ಹೊಲ, ಎಕ್ಸಿಟ್ಟಿನ ಹಸಿರು ಹಲಗೆ. ಎಲ್ಲವೂ ಹಿಂದೆ ಬಿಟ್ಟದ್ದೇ ಮತ್ತೆ ಬಂದ ಹಾಗೆ. ಮಿಶಿಗನ್ ಮುಗಿದು ಇಂಡಿಯಾನಾ ಸೇರಿದಾಗ ಕಾರಿನ ಗಡಿಯಾರ ತಾನಾಗಿ ಒಂದು ಗಂಟೆ ಹಿಂದಕ್ಕೆ ಹೋಯಿತು. ನೋಡಿ ಅತ್ತೆ, ಇಲ್ಲಿಂದಾಚೆ ಟೈಮೇ ಬೇರೆ, ಒಂದು ಗಂಟೆ ಪುಕ್ಕಟೆ ಸಿಕ್ತು ಎಂದ ಹೃಷೀಕೇಶ. ಅಷ್ಟರಲ್ಲಿ ಮಗುವಿಗೆ ಒಂದು ಮಾತು ಹೇಳಬೇಕು ಎಂದುಕೊಂಡರು ಲಲಿತಮ್ಮ. ಅದು ದೊಡ್ಡ ಮಾತೇನಲ್ಲ. ಇವತ್ತು ಒಂದು ದಿನ ಬಗ್ಗಬೇಡ ಎನ್ನುವುದು. ದಾರಿಬದಿಯ ರೆಸ್ಟ್ ಏರಿಯಾದಲ್ಲಿ ಮಾನ್ಯಾಳನ್ನು ಕರೆದುಕೊಂಡು ಬಚ್ಚಲಿಗೆ ಹೋದರು. ಕೈ ತೊಳೆಯುತ್ತಿದ್ದಾಗ ಹುಡುಗಿಯೇ ಅವರ ಸೆರಗು ಹಿಡಿದೆಳೆದು ಗುಟ್ಟು ಹೇಳುವಂತೆ ಕೇಳಿದಳು.

"ಅಜ್ಜಿ, ಟೆಂಪಲ್‌ನಲ್ಲಿ ವಿ ಹ್ಯಾವ್ ಟು ಡು ಇಟ್, ರೈಟ್? ಗಾಡ್ ಈಸ್ ದೇರ್."

"ಅಲ್ಲಿ ಟ್ಯಾಬ್ಲೆಟ್ಟು ನಿನ್ನ ಕೈಲೇ ಇರತ್ತೆ ಪುಟ್ಟಿ. ಹಿಡ್ಕೊಳ್ಳೋಕೆ ನಾನಿರಲ್ಲ."

"ಐ ಹ್ಯಾವ್ ಟೂ ಹ್ಯಾಂಡ್ಸ್," ಎಂದು ಮಾನ್ಯಾ ಎರಡೂ ಕೈ ಎತ್ತಿ ತೋರಿಸಿದಳು. ನೀರು ಅವರ ಮುಖಕ್ಕೆ ಹಾರಿತು.

ಬೇಡ ಎಂದರೆ ಮುಗಿಯುತ್ತಿತ್ತು. ಆದರೆ ಬೇಡ ಎಂದಮೇಲೆ ಯಾಕೆ ಎನ್ನುತ್ತಾಳೆ. ಇವತ್ತು ದೇವರಲ್ಲವೇ ಎನ್ನುತ್ತಾಳೆ. ದೇವರೇ, ಆದರೆ ನಿನ್ನ ಅಮ್ಮನ ಕೆಲಸ ಅದಕ್ಕಿಂತ ದೊಡ್ಡದು ಎನ್ನಬೇಕು, ಅಥವಾ ಯಾವತ್ತೂ ದೇವರಾಗಿರಲಿಲ್ಲ, ನನಗೆ ನೋಡುವ ಆಸೆಯಿತ್ತು ಎನ್ನಬೇಕು. ಕೈ ಒಣಗಿಸುವ ಯಂತ್ರ ಜೋರಾಗಿ ಕೂಗುತ್ತಿತ್ತು. ಅದರ ಕೆಳಗೆ ಮಗುವಿನ ಕೈ ಹಿಡಿದು ನಿಂತರು, ಕೈ ಒಣಗಿದ ಮೇಲೂ. ಕಾರಿಗೆ ಬಂದಾಗ ವಿಭಾ ತೊಡೆಯ ಮೇಲೆ ಟ್ಯಾಬ್ಲೆಟ್ಟಿಟ್ಟುಕೊಂಡು ಏನೋ ತಿದ್ದುತ್ತಿದ್ದಳು. ಎಲ್ಲ ಸರಿಯಿದೆಯಾ ಎಂದು ಕೇಳಿದ್ದಕ್ಕೆ, ತಲೆಯೆತ್ತದೆ, ಎಲ್ಲ ಸರಿಯಿದೆ ಅಮ್ಮ ಎಂದಳು.

ಹಾಲಿನಲ್ಲಿ ಒಬ್ಬಟ್ಟಿನ ವಾಸನೆ, ಕಾಗದದ ಬಟ್ಟಲಿನಲ್ಲಿ ಬೇವು ಬೆಲ್ಲ, ಬಾಗಿಲಾಚೆ ಗುಡ್ಡೆಬಿದ್ದ ಬೂಟು ಚಪ್ಪಲಿ. ಎಲ್ಲರದೂ ಬರಿಗಾಲು. ಜೂಲಿ ಮಾತ್ರ ಹಳದಿ ಕಾಲುಚೀಲದಲ್ಲಿ ಮೆಟ್ಟಿಲ ಹತ್ತಿರ ಕೂತು, ಲಲಿತಮ್ಮನನ್ನು ನೋಡಿ ಕೈ ಮುಗಿದಳು. ಶ್ರೀಲತಾ ಮಕ್ಕಳನ್ನು ಸಾಲಾಗಿ ಕೂರಿಸಿದಳು. ಹೇಗೆ ಆಡುವುದೆಂದು ತೋರಿಸಲು ಮೊದಲು ಮಾನ್ಯಾ. ಅವಳ ಟ್ಯಾಬ್ಲೆಟ್ಟಿನಲ್ಲಿ ಕಂಡದ್ದು ಗೋಡೆಯ ಮೇಲೂ ದೊಡ್ಡದಾಗಿ ಕಾಣುವ ಹಾಗೆ ವಿಭಾ ಮಾಡಿದ್ದಳು. ಹಾಲಿನ ಬಿಳಿ ನೆಲದ ತುಂಬ ಅಕ್ಷರಗಳು ಬಂದಾಗ ಹಿರಿಯರ ಕಡೆಯಿಂದ ಒಂದು ಮೆಚ್ಚುಗೆಯ ಉಸಿರು ಬಂತು. ಲಲಿತಮ್ಮನಿಗೂ ಎದೆ ತುಂಬಿತು, ಅದೇ ಗಳಿಗೆಯಲ್ಲಿ ಕಾಲಿನ ಬೆರಳುಗಳು ಮುದುರಿಕೊಂಡವು. ಮಾನ್ಯಾ ಅ ಮೇಲೆ ಕಾಲಿಟ್ಟಳು. ಅಳಿಲು ಬಂತು, ಮಕ್ಕಳು ಚಪ್ಪಾಳೆ ತಟ್ಟಿದರು. ಮಾನ್ಯಾ ಬಗ್ಗಿದಳು. ಗೋಡೆ ಬರಿದಾಯಿತು. ಮತ್ತೆ ಅ ಇಂದ. ಅಳಿಲು. ಮತ್ತೆ ಬಗ್ಗಿದಳು. ಮಾನ್ಯಾ, ನೇರ ನಡಿ ಕಂದ ಎಂದಳು ವಿಭಾ, ನಗುತ್ತಲೇ. ಮಾನ್ಯಾ ಅಮ್ಮನನ್ನು ನೋಡಲಿಲ್ಲ. ಅಷ್ಟು ಜನರ ನಡುವೆ ಹುಡುಕಿ ಅಜ್ಜಿಯನ್ನು ನೋಡಿದಳು. ಲಲಿತಮ್ಮ ಬೇಡವೆಂದು ತಲೆಯಾಡಿಸಿದ್ದರೆ ಸಾಕಿತ್ತು. ಅವರು ತಮ್ಮ ಹೆಬ್ಬೆರಳಿನ ಉಗುರು ನೋಡುತ್ತ ಕೂತರು. ಅದರ ಮೇಲೆ ಅರಿಶಿನದ ಒಂದು ಚುಕ್ಕೆಯಿತ್ತು.

ಮುಂದಿನ ಹುಡುಗ ಪಕ್ಕದೂರು ನೇಪರ್‌ವಿಲ್ಲಿನವನು. ಆಟ ಮಾಡಿದವರ ಮಗಳೇ ಹಾಗೆ ಮಾಡಿದ್ದರಿಂದ ಅದೇ ಆಟದ ನಿಯಮವೆಂದುಕೊಂಡು, ಕಾಲಿಟ್ಟು, ಬಗ್ಗಿ ಮುಟ್ಟಿ, ಕಣ್ಣಿಗೆ ಒತ್ತಿಕೊಂಡ. ಗೋಡೆ ಬರಿದಾಯಿತು. ಅವನ ನಂತರದವಳು ಇನ್ನೂ ಆಳವಾಗಿ ಬಗ್ಗಿದಳು. ಹಾಗೆ ಮಾಡಬೇಡಿ ಎಂದು ಮಕ್ಕಳಿಗೆ ಹೇಳುವುದಕ್ಕೆ ವಿಭಾ ಬಾಯಿ ತೆರೆದದ್ದನ್ನು ಲಲಿತಮ್ಮ ನೋಡಿದರು. ಮೇಲಿನ ಗುಡಿಯಲ್ಲಿ ಗಂಟೆ ಹೊಡೆಯಿತು. ಸುತ್ತ ನಾಲ್ಕು ಕಡೆ ಅಪ್ಪ ಅಮ್ಮಂದಿರು ನಿಂತಿದ್ದರು. ಅಕ್ಷರಕ್ಕೆ ನಮಸ್ಕಾರ ಮಾಡಬೇಡಿ ಎಂದು ಅಲ್ಲಿ ಯಾರು ಹೇಳುತ್ತಾರೆ? ವಿಭಾ ಬಾಯಿ ಮುಚ್ಚಿಕೊಂಡಳು. ಯಾವ ಮಗುವೂ ಅ ದಾಟಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎದ್ದು ಒಬ್ಬಟ್ಟಿನ ಕಡೆ ಹೋದರು. ಹಿರಿಯರಾದ ದ್ವಾರಕಾನಾಥರು, ಎಲ್ಲರೂ ಅಂಕಲ್ ಎನ್ನುವವರು, ಕುರ್ಚಿಯಿಂದಲೇ ನಿಧಾನವಾಗಿ ಹೇಳಿದರು.

"ಮಕ್ಕಳಿಗಿರೋ ಬುದ್ಧಿ ನಮಗಿಲ್ಲ ನೋಡಿ. ಸರಸ್ವತೀನ ತುಳಿಸೋಕೆ ಡೆಟ್ರಾಯಿಟ್‌ನಿಂದ ಡ್ರೈವ್ ಮಾಡ್ಕೊಂಡು ಬಂದಿದಾರೆ."

ಜನ ನಕ್ಕರು, ಕೆಟ್ಟದಾಗಿ ಅಲ್ಲ. ವಿಭಾಳೂ ನಕ್ಕಳು. ಆ ನಗುವನ್ನು ಲಲಿತಮ್ಮನಿಗೆ ನೋಡಲಾಗಲಿಲ್ಲ. ಅಲ್ರೀ ವಿಭಾ, ನೀವು ವೀಡಿಯೋ ಕಳಿಸಿದ್ರಿ, ನಾವೂ ನೋಡಿದ್ವಿ, ನಮಗ ಯಾರಿಗೂ ಹೊಳೀಲೇ ಇಲ್ಲ ನೋಡ್ರಿ ಎಂದು ಶ್ರೀಲತಾ ಅವಳ ಭುಜ ತಟ್ಟಿದಳು. ಜೂಲಿ ಬಂದು ಏನೋ ಕೇಳಿದಳು, ವಿಭಾ ತನ್ನ ಪಾದ, ನೆಲ, ಕಣ್ಣು ಮೂರನ್ನೂ ತೋರಿಸುತ್ತ ವಿವರಿಸಿದಳು. ಪರೀಕ್ಷೆಯಲ್ಲಿ ತಪ್ಪು ಬರೆದು ಹೊರಗೆ ಬಂದಮೇಲೆ ಉತ್ತರ ಹೇಳುವ ಹುಡುಗಿಯ ಹಾಗಿದ್ದಳು. ನಿನಗೆ ಇದು ಗೊತ್ತಿರಲಿಲ್ಲವೇ ಎಂದು ಜೂಲಿ ಕೇಳಿದ್ದು ಲಲಿತಮ್ಮನಿಗೂ ಅರ್ಥವಾಯಿತು. ಗೊತ್ತಿತ್ತು ಎಂದಳು ವಿಭಾ. ಜೂಲಿ ಬಹಳ ಕುತೂಹಲದ ವಿಷಯ ಎಂದು ಹೇಳಿ, ಒಬ್ಬಟ್ಟು ತಿಂದು, ಎಲ್ಲರಿಗಿಂತ ಮೊದಲು ಬೂಟು ಹಾಕಿಕೊಂಡಳು.

ವಾಪಸ್ಸು ಬರುವಾಗ ಬೆಳಿಗ್ಗೆ ಸಿಕ್ಕಿದ ಗಂಟೆಯನ್ನು ಅದೇ ಜಾಗದಲ್ಲಿ ಕೊಟ್ಟುಬಂದರು. ಹೃಷೀಕೇಶ, ಬಗ್ಗಿದರೂ ಟ್ರ್ಯಾಕಿಂಗ್ ತಪ್ಪಿ ಅಕ್ಷರ ಅಳಿಸಿಹೋಗದ ಹಾಗೆ ಮಾಡಬಹುದಿತ್ತಲ್ಲವೇ ಎಂದ. ಕಲಮಜೂ ಎಂಬ ಊರಿನ ಹತ್ತಿರ ಪೆಟ್ರೋಲ್ ಹಾಕಿಸಿ ಅವನು ಕಾಫಿ ತರಲು ಹೋದಾಗ, ವಿಭಾ ಮುಂದಿನ ಸೀಟಿನಿಂದಲೇ, ಯಾರು ಹೇಳಿಕೊಟ್ಟರು ಎಂದು ಮಾನ್ಯಾಳನ್ನು ಕೇಳಿದಳು. ಬಯ್ಯುವ ದನಿಯಲ್ಲಲ್ಲ. ನೋಬಡಿ ಎಂದಳು ಮಾನ್ಯಾ. ಅಜ್ಜಿಯ ಕಡೆ ತಿರುಗದೆ, ಕಿಟಕಿಗೆ ಮೂಗೊತ್ತಿ, ಕಣ್ಣು ಮುಚ್ಚಿ, ನಿದ್ದೆ ಬಂದವಳ ಹಾಗೆ ಮಾಡಿ, ಸ್ವಲ್ಪ ಹೊತ್ತಿಗೆ ನಿಜವಾಗಿಯೂ ನಿದ್ದೆಹೋದಳು. ನೋಬಡಿ ಎಂಬ ಪದ ಲಲಿತಮ್ಮನಿಗೆ ಗೊತ್ತಿತ್ತು.

"ನನಗೂ ನೀನೇ ಹೇಳಿಕೊಟ್ಟಿದ್ದಲ್ವಾ ಅಮ್ಮ," ಎಂದಳು ವಿಭಾ, ಎದುರಿನ ಗಾಜು ನೋಡುತ್ತ. "ಪೇಪರ್ ಚೂರು ತುಳಿದ್ರೂ ಬಿಡ್ತಿರ್ಲಿಲ್ಲ. ನಾನು ಮರೆತೆ, ಅದು ನನ್ನ ತಪ್ಪು. ಅವತ್ತು ನಿನಗೆ ತೋರಿಸಿದಾಗ ನೀನ್ಯಾಕೆ ಹೇಳ್ಲಿಲ್ಲ?"

ನೀನು ಓದಿದವಳು, ನಾನು ಏನು ಹೇಳಲಿ ಎಂಬ ಉತ್ತರ ಅರೋರಾ ಬಿಟ್ಟಾಗಿನಿಂದ ತಯಾರಿತ್ತು. ಅದನ್ನು ಹೇಳಿದರೆ ವಿಭಾ ಸುಮ್ಮನಾಗುತ್ತಿದ್ದಳು; ಮಗಳು ಅಂಥ ಮಾತಿಗೆ ಯಾವಾಗಲೂ ಸುಮ್ಮನಾಗುತ್ತಿದ್ದಳು. ಲಲಿತಮ್ಮ ಮಾನ್ಯಾಳ ತಲೆಯನ್ನು ಕಿಟಕಿಯಿಂದ ಎತ್ತಿ ತಮ್ಮ ತೋಳಿಗೆ ಒರಗಿಸಿಕೊಂಡರು.

"ನನಗೆ ಅದನ್ನ ತುಳಿಯೋಕೆ ಇಷ್ಟ ಆಯ್ತು ಕಣೆ," ಎಂದರು.

ವಿಭಾ ಪೂರ್ತಿ ಹಿಂದಕ್ಕೆ ತಿರುಗಿ ನೋಡಿದಳು. ಏನೋ ಕೇಳಬೇಕೆಂದಿದ್ದಳು. ಹೃಷೀಕೇಶ ಕಾಫಿ ಹಿಡಿದುಕೊಂಡು ಬಂದ.

ಗುಂಪು ಮುಚ್ಚಿತೆಂಬ ಸುದ್ದಿ ಏಪ್ರಿಲ್ ಮೊದಲಲ್ಲಿ ಬಂತು. ಅರೋರಾದಲ್ಲಿ ಆದದ್ದಕ್ಕೆ ಅಲ್ಲ, ಕಂಪನಿಯವರು ಮೊದಲೇ ಯೋಚನೆ ಮಾಡಿದ್ರು ಅನ್ಸತ್ತೆ ಎಂದು ವಿಭಾ ಹೇಳಿದಳು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಹೇಳಿದಳು. ಲಲಿತಮ್ಮ ಎರಡು ಸಲವೂ ಹ್ಞೂಂ ಎಂದರು. ಅವರು ನಂಬಲಿಲ್ಲ, ನಂಬಿಸಲು ಅವಳೂ ಹಟ ಹಿಡಿಯಲಿಲ್ಲ. ಗುರುವಾರ ಮಧ್ಯಾಹ್ನ ವಿಭಾ ಮನೆಯಲ್ಲೇ ಇದ್ದಳು. ಹೊರಗೆ ಹಿಮದ ಗುರುತೂ ಇರಲಿಲ್ಲ. ನಾಳೆ ಈ ಟ್ಯಾಬ್ಲೆಟ್ಟನ್ನ ಆಫೀಸಿಗೆ ವಾಪಸ್ ಕೊಡ್ಬೇಕು, ಬಾ ಅಮ್ಮ, ನಾನು ಹಿಡ್ಕೋತೀನಿ ಎಂದಳು. ಬೇಡ ಎನ್ನಬಹುದಿತ್ತು. ಲಲಿತಮ್ಮ ನೆರಿಗೆ ಎತ್ತಿ ಸಿಕ್ಕಿಸಿಕೊಂಡರು. ವಿಭಾ ಟ್ಯಾಬ್ಲೆಟ್ಟನ್ನು ಅವರ ಕಾಲಿನ ಕಡೆ ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಡುತ್ತ ನಡೆದಳು. ಲಲಿತಮ್ಮನಿಗೆ ಅಕ್ಷರ ಕಾಣುತ್ತಿರಲಿಲ್ಲ, ಬರೀ ಕಾರ್ಪೆಟ್ಟು. ಇನ್ನು ಸ್ವಲ್ಪ ಎಡಕ್ಕೆ, ಹ್ಞಾ, ಈಗ ಊ ಮೇಲಿದೀಯ ಎಂದು ವಿಭಾ ಹೇಳುವಳು, ಕೆಳಗಿಂದ ಅಕ್ಷರ ತನ್ನ ಹೆಸರು ಹೇಳುವುದು. ಅಂಗಾಲಿಗೆ ಕಾರ್ಪೆಟ್ಟಿನ ಚುಚ್ಚು ಬಿಟ್ಟರೆ ಏನೂ ಇಲ್ಲ. ಏ ಮೇಲೆ ನಿಂತಾಗ, ಸೋಮು ಮಾವನ ಪುಸ್ತಕದ ಸುದ್ದಿಯನ್ನು ಹೇಳಿದರು, ಕಿರುಬೆರಳಿನ ಸುದ್ದಿ. ವಿಭಾ ಟ್ಯಾಬ್ಲೆಟ್ಟು ಅಲುಗದ ಹಾಗೆ ಹಿಡಿದು ಕೇಳಿಸಿಕೊಂಡಳು. ಮತ್ತೆ, ಮುಂದಕ್ಕೆ ಬಾ ಅಮ್ಮ, ಐ ಎಂದಳು. ಅಃ ತನಕ ಹೋದರು. ಇಬ್ಬರೂ ಬಗ್ಗಲಿಲ್ಲ. ಬಸ್ಸಿನ ಸದ್ದು ಕೇಳಿದಾಗ ವಿಭಾ ಅದನ್ನು ಆರಿಸಿ ಚೀಲಕ್ಕೆ ಹಾಕಿದಳು.

ಟ್ಯಾಬ್ಲೆಟ್ಟು ಶುಕ್ರವಾರ ಹೋಯಿತು. ಲಲಿತಮ್ಮನ ವೀಸಾದ ಆರು ತಿಂಗಳೂ ಮುಗಿದಿತ್ತು. ಹೊರಡುವಾಗ ಮಾನ್ಯಾ ಬಾಗಿಲಿನ ಚಾಪೆಯನ್ನು ಹಾರಿ ಆಚೆ ನಿಂತು, ಅಜ್ಜಿ ಏನು ಮಾಡುತ್ತಾರೆಂದು ಕಾದಳು. ಈಚೆಗೆ ಅವಳು ಅದನ್ನು ಹಾರಿಯೇ ದಾಟುತ್ತಿದ್ದಳು. ಲಲಿತಮ್ಮನ ಎರಡೂ ಕೈಯಲ್ಲಿ ಚೀಲ, ಮಂಡಿಯಲ್ಲಿ ಹಾರುವ ಶಕ್ತಿಯಿಲ್ಲ. ಚಾಪೆಯ ಮೇಲೆ ಪೂರ್ತಿ ಪಾದ ಊರಿ ನಿಂತು, ತಲೆ ಬಗ್ಗಿಸಿ, ಇದು ಯಾವ ಅಕ್ಷರ ಪುಟ್ಟಿ ಎಂದು ಕೇಳಿದರು. ಮಾನ್ಯಾ ಹೇಳಿದಳು. ಇನ್ನೊಂದು ಹೆಜ್ಜೆಯಿಟ್ಟು, ಇದು ಎಂದರು. ಅದನ್ನೂ ಹೇಳಿದಳು. ಕಾರಿನಿಂದ ವಿಭಾ ಹಾರ್ನ್ ಮಾಡುವವರೆಗೂ ಕೇಳುತ್ತಲೇ ಇದ್ದರು. ಅವರು ಹೊರಟದ್ದು ಬುಧವಾರ. ವಿಭಾಳೇ ಡ್ರೈವ್ ಮಾಡಿಕೊಂಡು ಹೋಗಿ ಏರ್‌ಪೋರ್ಟಿನಲ್ಲಿ ಬಿಟ್ಟಳು. ವಾರದ ದಿನ ಅವಳಿಗೆ ಈಗ ಬಿಡುವಿತ್ತು.